ಕೈ ತೊಳೆದರೆ ಸಾಕ್ಷ್ಯ ಹೋಗುವುದಿಲ್ಲವೇ?

[ಪರದೆಯಲ್ಲಿ: ಗಾಜಿನ ಲೋಟ, ಬಣ್ಣವಿಲ್ಲದ ನೀರು]

ಬದಿಯಡ್ಕದ ವೀಕ್ಷಕರೊಬ್ಬರು ಕೇಳಿದ್ದಾರೆ: "ಲಂಚದ ಸುದ್ದಿ ಬಂದಾಗಲೆಲ್ಲ ವಿಜಿಲೆನ್ಸ್‌ನವರು ಆರೋಪಿಯ ಕೈ ತೊಳೆಸಿದರು ಎಂದು ಓದುತ್ತೇವೆ. ತೊಳೆದರೆ ಸಾಕ್ಷ್ಯವೇ ಹೋಗುವುದಿಲ್ಲವೇ?"

ವಿಜಿಲೆನ್ಸ್ ಎಂದರೆ ಕೇರಳದ ವಿಜಿಲೆನ್ಸ್ ಆಂಡ್ ಆಂಟಿ ಕರಪ್ಷನ್ ಬ್ಯೂರೋ. 1964ರಿಂದ ಇದೆ, ಕಾಸರಗೋಡಿನಲ್ಲೂ ಘಟಕವಿದೆ. ಇಷ್ಟು ಸಾಕು, ಲೋಟಕ್ಕೆ ಬರೋಣ.

ದೂರುದಾರರು ಲಂಚವೆಂದು ಕೊಡಲಿರುವ ನೋಟುಗಳ ನಂಬರು ಬರೆದುಕೊಂಡು, ಅವುಗಳಿಗೆ ಫೀನಾಲ್ಫ್ತಲೀನ್ ಎಂಬ ಪುಡಿ ಸವರುತ್ತಾರೆ. ನೋಟಿನ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಆ ನೋಟು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ.

[ಲೋಟದಲ್ಲಿ ಬೆರಳು ಅದ್ದುವುದು]

ನಮಗಿದು ಹೊಸತಲ್ಲ. ಅರಸಿನದ ನೀರಿಗೆ ಸುಣ್ಣ ಬೆರೆಸಿದರೆ ಕುರ್ದಿ ನೀರು ಕೆಂಪಗಾಗುತ್ತದಲ್ಲ, ಅದೇ ಸಂಗತಿ. ಸುಣ್ಣವೂ ಕ್ಷಾರ, ಸೋಡಾವೂ ಕ್ಷಾರ. ನಮ್ಮಲ್ಲಿ ದೃಷ್ಟಿ ತೆಗೆಯುವ ನೀರು, ಅಲ್ಲಿ ದೃಷ್ಟಿಗೆ ಬೀಳಿಸುವ ನೀರು! ಇನ್ನೊಂದು ತಮಾಷೆ: ವೀಳ್ಯಕ್ಕೆ ಸುಣ್ಣ ಹಚ್ಚಿದ ಒದ್ದೆ ಬೆರಳಿನಿಂದಲೇ ನೋಟು ಎಣಿಸಿದರೆ, ಸೋಡಾ ಬರುವ ಮೊದಲೇ ಬೆರಳು ಬಣ್ಣ ಬಿಟ್ಟೀತು.

ಹಾಗಾಗಿ ಆ ತೊಳೆದ ನೀರೇ ಸಾಕ್ಷ್ಯ. ಅದನ್ನು ಬಾಟಲಿಗೆ ತುಂಬಿ, ಮೊಹರು ಹಾಕಿ, ಮಹಜರಿನಲ್ಲಿ ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಆದರೆ ನ್ಯಾಯಾಲಯದಲ್ಲಿ ಬಣ್ಣವೊಂದೇ ನಿಲ್ಲುವುದಿಲ್ಲ. "ಕೊಟ್ಟ ಸಾಲ ವಾಪಸು ಬಂತು" ಎಂದು ಆರೋಪಿ ಹೇಳಿದರೆ ಏನು ಮಾಡುತ್ತೀರಿ? ಹಣ ಕೇಳಿದ್ದೂ ಸಾಬೀತಾಗಬೇಕು. ಇಲ್ಲಿಯೇ ಪ್ರಕರಣಗಳು ಜಾರುತ್ತವೆ, ಏಕೆಂದರೆ ದೂರುದಾರರೇ ಮಾತು ಬದಲಿಸುವುದುಂಟು. ಹಾಗಾದರೂ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿತು. ನನಗೆ ಕೇಳಿದರೆ, ಗುಲಾಬಿ ನೀರಿಗಿಂತ ದೊಡ್ಡ ಸುದ್ದಿ ಇದು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಒಂದೇ ಉಸಿರಿಗೆ ಹೇಳುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಮೊದಲೇ ತಿಳಿಸಿ, ಹಿಡಿಸಿಕೊಡಲೆಂದು ಕೊಟ್ಟರೆ ತಪ್ಪಿಲ್ಲ. ವಿಜಿಲೆನ್ಸ್‌ನ ಉಚಿತ ಕರೆ ಸಂಖ್ಯೆ 1064.

ದೂರು ಕನ್ನಡದಲ್ಲಿ ಬರೆಯಬಹುದೇ? ಧಾರಾಳವಾಗಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದಲ್ಲಿ ಬಂದರೆ ಕವರಿನ ಸಮೇತ ಜೋಪಾನವಾಗಿಡಿ, ಅದು ಇನ್ನೊಂದು ವಿಡಿಯೋ.