ಟೆಸ್ಟ್ ರನ್ ಆಗುವಾಗ ಗೊತ್ತಿಲ್ಲದೆ ಹೊರಟ ಸ್ಕ್ರಿಪ್ಟನ್ನು ಹಿಡಿಯುವುದು ಹೇಗೆ?

[ದೃಶ್ಯ: ಬೆಳಗಿನ ಹೊತ್ತು, ದಾವಣಗೆರೆಯ ಎಪಿಎಂಸಿ ಯಾರ್ಡ್. ಮೆಕ್ಕೆಜೋಳದ ರಾಶಿಗಳು, ಚೀಲ ತುಂಬುತ್ತಿರುವ ಹಮಾಲರು.]

ನಮಸ್ಕಾರ. ಎರಡು ಸುಗ್ಗಿ ಹಿಂದಿನ ಮಾತು. ಬೆಳಗ್ಗೆ ಎಂಟು ಗಂಟೆಗೆ ಈ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಿಂದ ನನಗೆ ಫೋನ್ ಬಂತು.

"ಸರ್, ಅಂಗಡಿ ಮುಂದೆ ರೈತರು ಬಂದು ನಿಂತಾರೆ. ರೊಕ್ಕ ಜಮಾ ಆಗೈತೆ ಅಂತ ಮೆಸೇಜ್ ಬಂದೈತಂತೆ. ಎಟಿಎಂಗೆ ಹೋಗಿ ನೋಡಿದ್ರೆ ಏನೂ ಇಲ್ಲ. ನಾವು ಯಾರಿಗೂ ರೊಕ್ಕ ಹಾಕೇ ಇಲ್ಲಲ್ರೀ!"

ಆ ಅಂಗಡಿಗೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟವನು ನಾನು. ಹಿಂದಿನ ರಾತ್ರಿ ನಾನು ಮಾಡಿದ್ದು ಒಂದೇ ಕೆಲಸ. ಮನೆಯಲ್ಲಿ ಕೂತು, ನನ್ನ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ರನ್ ಮಾಡಿದ್ದೆ. ಪ್ರೋಗ್ರಾಮ್ ಸರಿ ಇದೆಯಾ ಅಂತ ನೋಡುವ ಎಲ್ಲಾ ಟೆಸ್ಟೂ ಹಸಿರು, ಅಂದರೆ ಪಾಸ್, ಬಂದಿತ್ತು. ಸಮಾಧಾನವಾಗಿ ಮಲಗಿದ್ದೆ.

ಜಗಳೂರು ಕಡೆಯ ಒಬ್ಬ ಅಜ್ಜ ಬಸ್ ಹತ್ತಿ ಬಂದಿದ್ದರು. ಅವರಿಗೆ ನಾನೇ ಹೋಗಿ ವಿಷಯ ಹೇಳಿದೆ. ಆ ಮುಖ ಇವತ್ತಿಗೂ ಮರೆತಿಲ್ಲ. ಅದಕ್ಕೇ ಈ ವಿಡಿಯೋ.

[ದೃಶ್ಯ: ಸ್ಕ್ರೀನ್ ಮೇಲೆ ಮೂರು ಫೈಲ್‌ಗಳ ಹೆಸರು, ಒಂದರಿಂದ ಒಂದಕ್ಕೆ ಬಾಣದ ಗುರುತು.]

ಆಗಿದ್ದೇನು ಅಂದರೆ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ ತಯಾರು ಮಾಡೋಕೆ ಒಂದು ಪೈಥಾನ್ ಫಂಕ್ಷನ್ ಇದೆ. ತೂಕ, ದರ, ಹಮಾಲಿ, ಕೊನೆಗೆ ಕೈಗೆ ಬರುವ ಮೊತ್ತ, ಇಷ್ಟನ್ನು ಅದು ಲೆಕ್ಕ ಹಾಕುತ್ತದೆ. ನನ್ನ ಟೆಸ್ಟ್ ನೋಡುತ್ತಿದ್ದದ್ದು ಈ ಮೊತ್ತ ಸರಿ ಇದೆಯಾ ಅಂತ ಮಾತ್ರ. ಆದರೆ ಆ ಫಂಕ್ಷನ್ ಕೊನೆಯಲ್ಲಿ ಒಂದು ಶೆಲ್ ಸ್ಕ್ರಿಪ್ಟನ್ನು, ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟ ಫೈಲನ್ನು, ಕರೆಯುತ್ತಿತ್ತು, ಪಟ್ಟಿಯನ್ನು ಪಿಡಿಎಫ್ ಮಾಡೋಕೆ. ಆ ಶೆಲ್ ಸ್ಕ್ರಿಪ್ಟ್ ಒಳಗೆ, ಸುಗ್ಗಿಯ ಗಡಿಬಿಡಿಯಲ್ಲಿ ನಾನೇ ಸೇರಿಸಿದ್ದ ಇನ್ನೊಂದು ಸಾಲು ಇತ್ತು. ಅದು ಮೆಸೇಜ್ ಕಳಿಸುವ ಮತ್ತೊಂದು ಪೈಥಾನ್ ಸ್ಕ್ರಿಪ್ಟನ್ನು ಕರೆಯುತ್ತಿತ್ತು. ಟೆಸ್ಟ್ ಡೇಟಾದಲ್ಲಿದ್ದ ಫೋನ್ ನಂಬರ್‌ಗಳು ನಿಜವಾದ ರೈತರದ್ದು. ಅದೂ ನನ್ನದೇ ತಪ್ಪು.

ಲೆಕ್ಕ ಸರಿ ಇತ್ತು, ಟೆಸ್ಟ್ ಹಸಿರಾಯ್ತು. ಹಿತ್ತಲ ಬಾಗಿಲಿನಿಂದ ಯಾರು ಹೊರಗೆ ಹೋದರು ಅಂತ ಟೆಸ್ಟನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಕೇಳೋದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಮಾಕ್. ಪೈಥಾನ್‌ನಲ್ಲಿ ಬೇರೆ ಪ್ರೋಗ್ರಾಮ್ ಶುರು ಮಾಡುವ ಸಬ್‌ಪ್ರೊಸೆಸ್ ಮಾಡ್ಯೂಲಿನ ರನ್ ಫಂಕ್ಷನ್ ಜಾಗದಲ್ಲಿ ಒಂದು ಬೊಂಬೆ ಕೂರಿಸುವುದು. ಯಾರಾದರೂ ಕರೆದರೆ ಅದು ಬರೆದುಕೊಳ್ಳುತ್ತದೆ, ನಿಜವಾಗಿ ಏನೂ ಹೊರಡುವುದಿಲ್ಲ. ಒಳ್ಳೆಯದೇ. ಆದರೆ ನಿಮ್ಮ ಕೋಡ್ ಮೇಲ್ಗಡೆಯೇ ರನ್ ಹೆಸರನ್ನು ನೇರವಾಗಿ ಇಂಪೋರ್ಟ್ ಮಾಡಿಕೊಂಡಿದ್ದರೆ, ಅದರ ಕೈಯಲ್ಲಿ ಹಳೆಯ ಅಸಲಿ ಫಂಕ್ಷನ್ನೇ ಇರುತ್ತದೆ. ನೀವು ಬೊಂಬೆ ಕೂರಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ರನ್ ಬಿಟ್ಟು ಅದರ ಒಳಗಿನ ಪೊಪೆನ್‌ಗೆ ಬೊಂಬೆ ಕೂರಿಸಿದರೆ ಸ್ವಲ್ಪ ವಾಸಿ, ಯಾಕೆಂದರೆ ರನ್ ಕೊನೆಗೆ ಪೊಪೆನ್ ಹತ್ತಿರವೇ ಬರಬೇಕು. ಆಗಲೂ ಪ್ರೋಗ್ರಾಮ್ ಶುರು ಮಾಡುವ ಬೇರೆ ದಾರಿಗಳು ಉಳಿಯುತ್ತವೆ. ಓಎಸ್ ಡಾಟ್ ಸಿಸ್ಟಮ್ ತಪ್ಪಿಸಿಕೊಳ್ಳುತ್ತದೆ. ಎಕ್ಸೆಕ್ ಗುಂಪಿನ ಫಂಕ್ಷನ್‌ಗಳು, ಸ್ಪಾನ್ ಗುಂಪಿನವು, ಪಾಸಿಕ್ಸ್ ಸ್ಪಾನ್, ಎಲ್ಲಾ ತಪ್ಪಿಸಿಕೊಳ್ಳುತ್ತವೆ.

ಎಲ್ಲಿಂದ ಹೋಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಮಾಕ್ ಸಾಕು. ನಮ್ಮ ತೊಂದರೆಯೇ ಅದು ಗೊತ್ತಿಲ್ಲದಿರುವುದು, ಅಲ್ವಾ?

[ದೃಶ್ಯ: ಯಾರ್ಡಿನ ಗೇಟ್. ಚೀಲ ಹೇರಿದ ಲಾರಿ ನಿಂತಿದೆ, ಗೇಟಿನವರು ಚೀಟಿ ನೋಡುತ್ತಿದ್ದಾರೆ.]

ಈ ಗೇಟ್ ನೋಡಿ. ಒಳಗೆ ಎಷ್ಟೋ ಅಂಗಡಿಗಳಿವೆ. ಯಾವ ಅಂಗಡಿಯಲ್ಲಿ ಲೋಡ್ ಆಯ್ತು, ಯಾವ ಹಮಾಲರು ಹೇರಿದರು ಅಂತ ಅಂಗಡಿ ಅಂಗಡಿಗೆ ಕಾವಲು ಹಾಕೋಕೆ ಆಗುವುದಿಲ್ಲ. ಲಾರಿ ಹೊರಗೆ ಹೋಗಬೇಕಾದರೆ ಗೇಟಿಗೇ ಬರಬೇಕು. ಕಾವಲು ಅಲ್ಲಿರಬೇಕು.

ಪೈಥಾನ್ ಒಳಗೆ ಇಂಥ ಒಂದು ಗೇಟ್ ಇದೆ. ಹೆಸರು ಆಡಿಟ್ ಹುಕ್. 2019ರಲ್ಲಿ ಬಂದ ಪೈಥಾನ್ 3.8ರಿಂದ ಇದು ಸಿಗುತ್ತದೆ. ಸಿಸ್ ಮಾಡ್ಯೂಲಿನಲ್ಲಿ ಆಡ್‌ಆಡಿಟ್‌ಹುಕ್ ಅಂತ ಫಂಕ್ಷನ್ ಇದೆ. ಅದಕ್ಕೆ ನಿಮ್ಮದೊಂದು ಫಂಕ್ಷನ್ ಕೊಟ್ಟರೆ ಮುಗಿಯಿತು. ಪೈಥಾನ್ ಯಾವುದಾದರೂ ಸೂಕ್ಷ್ಮ ಕೆಲಸ ಮಾಡುವ ಮೊದಲು ಆ ಫಂಕ್ಷನ್ನನ್ನು ಕರೆದು, ಘಟನೆಯ ಹೆಸರು ಮತ್ತು ವಿವರ ಕೊಡುತ್ತದೆ. ಪೊಪೆನ್‌ಗೆ ಒಂದು ಘಟನೆ, ಓಎಸ್ ಡಾಟ್ ಸಿಸ್ಟಮ್‌ಗೆ ಒಂದು, ಎಕ್ಸೆಕ್‌ಗೆ, ಪಾಸಿಕ್ಸ್ ಸ್ಪಾನ್‌ಗೆ ಒಂದೊಂದು. ಸ್ಪಾನ್‌ಗೂ ಒಂದಿದೆ, ಆದರೆ ಲಿನಕ್ಸ್‌ನಲ್ಲಿ ಅದರ ಬದಲು ಫೋರ್ಕ್ ಘಟನೆ ಬರುತ್ತದೆ. ನೇರ ಇಂಪೋರ್ಟ್ ಮಾಡಿಕೊಂಡಿದ್ದರೂ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ.

[ದೃಶ್ಯ: ಸ್ಕ್ರೀನ್ ಮೇಲೆ ಹತ್ತು ಸಾಲಿನ ಹುಕ್ ಕೋಡ್. ಘಟನೆಯ ಹೆಸರು ಹೋಲಿಸುವ ಸಾಲು ಹೈಲೈಟ್ ಆಗಿದೆ.]

ಹುಕ್ ಒಳಗೆ ಎಕ್ಸೆಪ್ಷನ್, ಅಂದರೆ ದೋಷದ ಸೂಚನೆ, ಎಸೆದರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ. ಸ್ಕ್ರಿಪ್ಟ್ ಹೊರಡುವುದೇ ಇಲ್ಲ. ಬರೀ ಕಂಡುಹಿಡಿಯುವುದಲ್ಲ, ತಡೆಯೋಕೂ ಆಗುತ್ತದೆ.

ಇಲ್ಲಿ ಎರಡು ಕಡೆ ನಾನು ಎಡವಿದೆ, ನೀವು ಎಡವಬೇಡಿ. ಒಂದು, ಹುಕ್ ಒಮ್ಮೆ ಹಾಕಿದರೆ ತೆಗೆಯೋಕೆ ಬರುವುದಿಲ್ಲ. ಆ ಪ್ರೊಸೆಸ್, ಅಂದರೆ ಓಡುತ್ತಿರುವ ಆ ಪ್ರೋಗ್ರಾಮ್, ಮುಗಿಯುವವರೆಗೂ ಇರುತ್ತದೆ. ಹಾಗಾಗಿ ಟೆಸ್ಟ್ ನಡೆಸುವ ಉಪಕರಣವಾದ ಪೈಟೆಸ್ಟ್‌ನ ಕಾನ್ಫ್‌ಟೆಸ್ಟ್ ಫೈಲಿನಲ್ಲಿ ಒಂದೇ ಸಲ ಹಾಕಿ, ಈಗ ಕಾವಲು ಬೇಕಾ ಬೇಡವಾ ಅಂತ ಹೇಳುವ ಒಂದು ಫ್ಲ್ಯಾಗ್ ಇಟ್ಟುಕೊಳ್ಳಿ.

ಇನ್ನೊಂದು ಇದಕ್ಕಿಂತ ಮುಖ್ಯ. ನನ್ನ ಕೋಡಿನಲ್ಲಿ ಆ ಸ್ಕ್ರಿಪ್ಟ್ ಕರೆಯುವ ಸಾಲಿನ ಸುತ್ತ ಟ್ರೈ–ಎಕ್ಸೆಪ್ಟ್ ಇತ್ತು. ಪಿಡಿಎಫ್ ಆಗದಿದ್ದರೂ ಲೆಕ್ಕ ನಿಲ್ಲಬಾರದು ಅಂತ ಹಾಕಿದ್ದೆ. ಹುಕ್ ಎಸೆದ ಎಕ್ಸೆಪ್ಷನ್ನನ್ನೂ ಅದೇ ನುಂಗಿಬಿಟ್ಟಿತು. ಟೆಸ್ಟ್ ಮತ್ತೆ ಹಸಿರು! ಅದಕ್ಕೇ ಹುಕ್ ಸುಮ್ನೆ ಎಸೆದರೆ ಸಾಲದು. ಎಸೆಯುವ ಮೊದಲು ಒಂದು ಲಿಸ್ಟಿನಲ್ಲಿ ಬರೆದಿಡಬೇಕು. ಪ್ರತಿ ಟೆಸ್ಟ್ ಮುಗಿದ ಮೇಲೆ ಆ ಲಿಸ್ಟ್ ಖಾಲಿ ಇದೆಯಾ ನೋಡಬೇಕು. ಇಲ್ಲದಿದ್ದರೆ ಟೆಸ್ಟನ್ನು ಫೇಲ್ ಮಾಡಬೇಕು.

ಹುಕ್ ಹಾಕಿದ ಮೊದಲ ದಿನ ನಿಮಗೆ ಗೊತ್ತಿಲ್ಲದ ಹೆಸರುಗಳು ಬರಬಹುದು. ಗಾಬರಿಯಾಗಬೇಡಿ. ಪೈಥಾನ್‌ನ ಸ್ವಂತ ಲೈಬ್ರರಿಗಳೂ ಬೇರೆ ಪ್ರೋಗ್ರಾಮ್ ಕರೆಯುತ್ತವೆ. ಸಿಟೈಪ್ಸ್‌ನ ಫೈಂಡ್‌ಲೈಬ್ರರಿ ಫಂಕ್ಷನ್ ಲಿನಕ್ಸ್‌ನಲ್ಲಿ ಎಲ್‌ಡಿಕಾನ್ಫಿಗ್ ಕರೆಯುತ್ತದೆ. ಇಂಥವನ್ನು ಒಂದೊಂದಾಗಿ ನೋಡಿ, ಗೊತ್ತಿರುವವರ ಪಟ್ಟಿ ಮಾಡಿ ಬಿಡಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಮಾತ್ರ ಕೂಗಲಿ.

ಈಗ ಹುಕ್‌ನ ಮಿತಿ. ಅದು ಕಾಯುವುದು ಒಂದು ಪೈಥಾನ್ ಪ್ರೊಸೆಸ್ಸನ್ನು ಮಾತ್ರ. ನನ್ನ ಫಂಕ್ಷನ್ ಶೆಲ್ ಸ್ಕ್ರಿಪ್ಟನ್ನು ಕರೆದದ್ದು ಅದಕ್ಕೆ ಕಾಣುತ್ತದೆ. ಆ ಶೆಲ್ ಸ್ಕ್ರಿಪ್ಟ್ ಮೆಸೇಜ್ ಸ್ಕ್ರಿಪ್ಟನ್ನು ಕರೆದದ್ದು ಕಾಣುವುದಿಲ್ಲ. ಮಗ ಕಾಣುತ್ತಾನೆ, ಮೊಮ್ಮಗ ಕಾಣುವುದಿಲ್ಲ. ಸಿ ಭಾಷೆಯಲ್ಲಿ ಬರೆದ ಲೈಬ್ರರಿ ತಾನೇ ನೇರವಾಗಿ ಏನಾದರೂ ಶುರು ಮಾಡಿದರೆ ಅದೂ ಕಾಣುವುದಿಲ್ಲ. ರೈತರಿಗೆ ಮೆಸೇಜ್ ಕಳಿಸಿದ್ದು ಮೊಮ್ಮಗ.

[ದೃಶ್ಯ: ಕಪ್ಪು ಟರ್ಮಿನಲ್. ಎಸ್‌ಟ್ರೇಸ್ ಕಮಾಂಡ್ ಟೈಪ್ ಆಗುತ್ತಿದೆ.]

ಅದಕ್ಕೆ ಇನ್ನೂ ಕೆಳಗಿನ ಗೇಟಿಗೆ ಹೋಗಬೇಕು, ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ. ಲಿನಕ್ಸ್‌ನಲ್ಲಿ ಯಾವ ಭಾಷೆಯ ಪ್ರೋಗ್ರಾಮ್ ಆಗಲಿ, ಹೊಸ ಪ್ರೋಗ್ರಾಮ್ ಶುರು ಮಾಡಬೇಕಾದರೆ ಕೊನೆಗೆ ಎಕ್ಸೆಕ್‌ವಿಇ ಅನ್ನುವ ಸಿಸ್ಟಮ್ ಕಾಲ್, ಅಂದರೆ ಕರ್ನಲ್‌ಗೆ ಕೋರಿಕೆ, ಮಾಡಲೇಬೇಕು. ಅದಕ್ಕೆ ಎಕ್ಸೆಕ್‌ವಿಇಎಟಿ ಅಂತ ಒಬ್ಬ ತಮ್ಮ ಇದ್ದಾನೆ, ಅವನನ್ನೂ ಜೊತೆಗೆ ನೋಡಿ. ಇವುಗಳನ್ನು ನೋಡೋಕೆ ಎಸ್‌ಟ್ರೇಸ್ ಇದೆ. ಹಳೆಯ ಉಪಕರಣ. 1991ರಲ್ಲಿ ಸನ್ ಕಂಪ್ಯೂಟರ್‌ಗಳಿಗೆ ಅಂತ ಬರೆದದ್ದು, ಇವತ್ತಿಗೂ ಇದರ ಜಾಗ ಬೇರೆ ಯಾವುದೂ ತುಂಬಿಲ್ಲ ಅಂತ ನನ್ನ ಅಭಿಪ್ರಾಯ.

ಪೈಟೆಸ್ಟ್ ಕಮಾಂಡ್ ಮುಂದೆ ಎಸ್‌ಟ್ರೇಸ್ ಹಾಕಿ. ಮೈನಸ್ ಎಫ್ ಕೊಡಲೇಬೇಕು. ಅದಿಲ್ಲದಿದ್ದರೆ ಮಕ್ಕಳು ಮೊಮ್ಮಕ್ಕಳ ಹಿಂದೆ ಅದು ಹೋಗುವುದಿಲ್ಲ. ಮೈನಸ್ ಇ ಕೊಟ್ಟು ಈ ಎರಡು ಕಾಲ್‌ಗಳನ್ನು ಮಾತ್ರ ನೋಡು ಅಂತ ಹೇಳಿ. ಮೈನಸ್ ಓ ಕೊಟ್ಟು ಎಲ್ಲವನ್ನೂ ಒಂದು ಫೈಲಿಗೆ ಬರೆಸಿ. ಮೈನಸ್ ಎಸ್ 300 ಅಂತ ಕೊಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಸುಮ್ಮನಿದ್ದರೆ ಎಸ್‌ಟ್ರೇಸ್ ಒಂದೊಂದು ಆರ್ಗ್ಯುಮೆಂಟಿನ ಮೊದಲ 32 ಅಕ್ಷರ ಮಾತ್ರ ತೋರಿಸುತ್ತದೆ, ನಿಮಗೆ ಬೇಕಾದ ಸ್ಕ್ರಿಪ್ಟಿನ ಹೆಸರು ಅರ್ಧಕ್ಕೇ ತುಂಡಾಗಿರುತ್ತದೆ. ಟೆಸ್ಟ್ ತುಂಬಾ ನಿಧಾನ ಆದರೆ ಸೆಕ್‌ಕಾಂಪ್ ಬಿಪಿಎಫ್ ಅನ್ನುವ ಆಯ್ಕೆಯನ್ನೂ ಸೇರಿಸಿ. ಆಗ ಬೇಡದ ಸಿಸ್ಟಮ್ ಕಾಲ್‌ಗಳ ಹತ್ತಿರ ಅದು ನಿಲ್ಲುವುದಿಲ್ಲ.

[ದೃಶ್ಯ: ಲಾಗ್ ಫೈಲ್. ಒಂದು ಸಾಲು ದೊಡ್ಡದಾಗಿ.]

ಸಾಲು ಓದುವುದು ಸುಲಭ. ಮೊದಲು ಪ್ರೊಸೆಸ್ ನಂಬರ್. ಆಮೇಲೆ ಯಾವ ಪ್ರೋಗ್ರಾಮ್, ಅದಕ್ಕೆ ಕೊಟ್ಟ ಆರ್ಗ್ಯುಮೆಂಟ್‌ಗಳು. ಕೊನೆಯಲ್ಲಿ ಸೊನ್ನೆ ಇದ್ದರೆ ಪ್ರೋಗ್ರಾಮ್ ನಿಜವಾಗಿ ಶುರುವಾಗಿದೆ. ಮೈನಸ್ ಒಂದು ಇದ್ದರೆ ಆಗಿಲ್ಲ. ಪ್ರೋಗ್ರಾಮ್ ಎಲ್ಲಿದೆ ಅಂತ ಪಾತ್‌ನಲ್ಲಿರುವ ಫೋಲ್ಡರ್‌ಗಳಲ್ಲಿ ಒಂದೊಂದಾಗಿ ಹುಡುಕುವಾಗ ಇಂಥ ಸಾಲುಗಳು ಜಾಸ್ತಿ ಬರುತ್ತವೆ, ಬಿಟ್ಟುಬಿಡಿ.

ಎಸ್‌ಟ್ರೇಸ್ ಕಣ್ಣಿಗೂ ಬೀಳದೆ ಹೋಗುವವರು ಇದ್ದಾರೆ. ಬ್ಯಾಶ್ ಅನ್ನುವ ಶೆಲ್‌ನ ಸ್ಕ್ರಿಪ್ಟ್ ಒಳಗೆ ಸೋರ್ಸ್ ಅಂತ ಬರೆದು ಇನ್ನೊಂದು ಸ್ಕ್ರಿಪ್ಟ್ ಕರೆದರೆ ಎಕ್ಸೆಕ್‌ವಿಇ ಆಗುವುದೇ ಇಲ್ಲ. ಬ್ಯಾಶ್ ಆ ಫೈಲನ್ನು ತೆರೆದು, ಓದಿ, ತಾನೇ ನಡೆಸುತ್ತದೆ. ಪೈಥಾನ್‌ನಲ್ಲಿ ರನ್‌ಪೈ ಬಳಸಿ ಸ್ಕ್ರಿಪ್ಟ್ ನಡೆಸಿದರೂ ಹೀಗೇ, ಎಲ್ಲಾ ಅದೇ ಪ್ರೊಸೆಸ್ ಒಳಗೆ ನಡೆದುಹೋಗುತ್ತದೆ. ಅಲ್ಲಿ ಫೈಲ್ ತೆರೆದದ್ದನ್ನು ಹಿಡಿಯಬೇಕು. ಎಸ್‌ಟ್ರೇಸ್‌ಗೆ ಓಪನ್‌ಎಟಿ ಕೂಡ ನೋಡು ಅಂತ ಹೇಳಿ, ಲಾಗ್‌ನಲ್ಲಿ ಡಾಟ್ ಎಸ್‌ಎಚ್, ಡಾಟ್ ಪಿವೈ ಫೈಲ್‌ಗಳನ್ನು ಹುಡುಕಿ. ಸಾಲುಗಳು ಸಾವಿರಗಟ್ಟಲೆ ಬರುತ್ತವೆ, ತಾಳ್ಮೆ ಬೇಕು. ಪೈಥಾನ್ ಪ್ರೊಸೆಸ್‌ಗೆ ಮಾತ್ರ ಬೇಕಿದ್ದರೆ ಆಡಿಟ್ ಹುಕ್‌ನಲ್ಲೇ ಓಪನ್ ಘಟನೆ ಇದೆ, ಅದು ಹಗುರ.

ವಿಂಡೋಸ್‌ನವರಿಗೆ ಪ್ರೊಸೆಸ್ ಮಾನಿಟರ್ ಇದೆ, ಇದೇ ಕೆಲಸ ಮಾಡುತ್ತದೆ.

[ದೃಶ್ಯ: ಮತ್ತೆ ಟರ್ಮಿನಲ್. ನಿಧಾನವಾಗಿ ಲಾಗ್ ಕೆಳಗೆ ಸರಿಯುತ್ತಿದೆ.]

ಈಗ ಆ ದಿನಕ್ಕೆ ವಾಪಸ್ ಬರ್ತೀನಿ. ರೈತರ ಹತ್ತಿರ ಮಾತಾಡಿ, ಯಾರ್ಡಿನಿಂದ ಮನೆಗೆ ಬಂದು ಕೂತೆ. ಏನು ನಡೆದಿದೆ ಅಂತ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಮೊದಲು ಟೆಸ್ಟ್ ಡೇಟಾದಲ್ಲಿದ್ದ ನಂಬರ್‌ಗಳನ್ನೆಲ್ಲ ಅಳಿಸಿ ನನ್ನದೇ ನಂಬರ್ ಹಾಕಿದೆ. ಆಮೇಲೆ ನೆಟ್‌ವರ್ಕ್ ಕತ್ತರಿಸಿದೆ. ಲಿನಕ್ಸ್‌ನಲ್ಲಿ ಅನ್‌ಶೇರ್ ಅನ್ನುವ ಕಮಾಂಡ್‌ಗೆ ಮೈನಸ್ ಎನ್ ಕೊಟ್ಟು ಟೆಸ್ಟ್ ರನ್ ಮಾಡಿದರೆ ಆ ಟೆಸ್ಟ್‌ಗೂ ಅದರ ಮಕ್ಕಳಿಗೂ ಹೊರಗಿನ ನೆಟ್‌ವರ್ಕ್ ಸಿಗುವುದಿಲ್ಲ. ರೂಟ್ ಅನುಮತಿ ಬೇಕಾಗಬಹುದು. ಅದರೊಳಗೆ ಲೂಪ್‌ಬ್ಯಾಕ್, ಅಂದರೆ ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡುವ ದಾರಿ, ಕೂಡ ಡೌನ್ ಇರುತ್ತದೆ, ಹಾಗಾಗಿ ಅದರ ಮೂಲಕ ಡೇಟಾಬೇಸ್ ಹತ್ತಿರ ಹೋಗುವ ಟೆಸ್ಟ್‌ಗಳು ಬೀಳುತ್ತವೆ. ಬೀಳಲಿ ಬಿಡಿ, ಮೆಸೇಜ್ ಹೋಗದಿದ್ದರೆ ಸಾಕು.

ಹಾಗೆ ಎಸ್‌ಟ್ರೇಸ್ ಹಾಕಿ ರನ್ ಮಾಡಿದೆ. ಲಾಗ್‌ನಲ್ಲಿ ಮೊದಲ ಸಾಲು ಪೈಟೆಸ್ಟ್. ಆಮೇಲೆ ಶೆಲ್. ಆಮೇಲೆ ಪಿಡಿಎಫ್ ಮಾಡುವ ಪ್ರೋಗ್ರಾಮ್. ಆಮೇಲೆ ಮೆಸೇಜ್ ಸ್ಕ್ರಿಪ್ಟ್, ಸಿಕ್ಕಿಬಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾಕೋ ಇನ್ನೂ ಕೆಳಗೆ ಹೋದೆ. ಇನ್ನೊಂದು ಸಾಲಿತ್ತು. ಪ್ರೋಗ್ರಾಮಿನ ಹೆಸರು ಎಟಿ, ಎರಡೇ ಅಕ್ಷರ.

ಎಟಿ ಕಮಾಂಡ್ ಗೊತ್ತಲ್ವಾ? ಈ ಕೆಲಸವನ್ನು ಇಂಥ ಹೊತ್ತಿಗೆ ಮಾಡು ಅಂತ ಹೇಳಿ ಸುಮ್ಮನಾಗುವ ಕಮಾಂಡ್. ಹೊತ್ತು ಬಂದಾಗ ಕೆಲಸ ಮಾಡುವುದು ಎಟಿಡಿ ಅನ್ನುವ ಬೇರೆ ಪ್ರೊಸೆಸ್. ಅದು ನನ್ನ ಟೆಸ್ಟಿನ ಮಗನೂ ಅಲ್ಲ, ಮೊಮ್ಮಗನೂ ಅಲ್ಲ. ಅದು ಮುಂದೆ ಮಾಡುವ ಕೆಲಸ ಎಸ್‌ಟ್ರೇಸ್‌ಗೂ ಕಾಣುವುದಿಲ್ಲ. ಕಾಣುವುದು ಚೀಟಿ ಕೊಟ್ಟುಬಂದ ಆ ಒಂದು ಸಾಲು ಮಾತ್ರ. ಮೆಸೇಜ್ ಸ್ಕ್ರಿಪ್ಟ್ ಕೊನೆಯಲ್ಲಿ ನಾನೇ ಅದನ್ನು ಬರೆದಿದ್ದೆ, ಮಾರನೇ ಬೆಳಗ್ಗೆ ಆರಕ್ಕೆ ಮೆಸೇಜನ್ನು ಇನ್ನೊಮ್ಮೆ ಕಳಿಸೋಕೆ.

ಎಟಿಕ್ಯೂ ಅಂತ ಟೈಪ್ ಮಾಡಿದೆ. ಕ್ಯೂನಲ್ಲಿ ಹನ್ನೊಂದು ಕೆಲಸಗಳು ಕಾಯುತ್ತಿದ್ದವು. ಈಗಿನ ರನ್ನಿನದ್ದು ಮಾತ್ರವಲ್ಲ, ತಡರಾತ್ರಿಯ ಟೆಸ್ಟಿನದ್ದೂ ಇತ್ತು. ನಾನು ಟೆಸ್ಟ್ ಮಾಡಿದ್ದು ಹನ್ನೆರಡು ದಾಟಿದ ಮೇಲೆ, ಹಾಗಾಗಿ ಮರುದಿನ ಬೆಳಗ್ಗೆ ಆರಕ್ಕೆ ನಿಗದಿಯಾಗಿತ್ತು. ಅವುಗಳಲ್ಲಿ ರೈತರ ಅಸಲಿ ನಂಬರ್‌ಗಳೇ ಇದ್ದವು.

ಎಟಿಆರ್‌ಎಂ ಹಾಕಿ ಹನ್ನೊಂದನ್ನೂ ತೆಗೆದೆ. ಮತ್ತೊಮ್ಮೆ ಎಟಿಕ್ಯೂ ಹಾಕಿದೆ. ಖಾಲಿ. ಆಮೇಲೆ ಅಂಗಡಿಗೆ ಫೋನ್ ಮಾಡಿ, "ನಾಳೆ ಮತ್ತೆ ಮೆಸೇಜ್ ಹೋಗಲ್ಲ, ಆ ಅಜ್ಜನಿಗೂ ಹೇಳಿ" ಅಂದೆ.

[ದೃಶ್ಯ: ಖಾಲಿ ಟರ್ಮಿನಲ್. ಕರ್ಸರ್ ಮಿಣುಕುತ್ತಿದೆ.]