ಅರಬ್ಬಿ ಕಡಲಿನಾಳಕ್ಕೆ ಒಂದು ಹೊಸ ಡ್ರ್ಯಾಗನ್

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾವೆಲ್ಲ ಸೇರಿ ಒಂದು ಪ್ರಾಣಿಯನ್ನು ಕಟ್ಟೋಣ. ಎಲ್ಲೂ ಇಲ್ಲದ ಪ್ರಾಣಿ, ಆಳ ಸಮುದ್ರದ ಡ್ರ್ಯಾಗನ್. ಹಾಳೆ, ಪೆನ್ಸಿಲ್ ಇದ್ದರೆ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆಯಿರಿ.

ಇದು ನಮಗೆ ಹೊಸ ಆಟವೇನಲ್ಲ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಮಕರಗಳ ಸಾಲೇ ಇದೆ, ನೋಡಿರುತ್ತೀರಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಗರಿಯಂಥ ಬಾಲ. ಒಂದೊಂದು ಅಂಗವೂ ನಿಜವಾದ ಪ್ರಾಣಿಯದ್ದು, ಒಟ್ಟು ಪ್ರಾಣಿ ಮಾತ್ರ ಎಲ್ಲೂ ಸಿಗುವುದಿಲ್ಲ. ನಾವೂ ಹಾಗೇ ಮಾಡೋಣ. ಆದರೆ ನನ್ನದೊಂದು ಷರತ್ತಿದೆ. ನಮ್ಮ ಪ್ರಾಣಿ ತನ್ನ ಜಾಗದಲ್ಲಿ ಹೊಟ್ಟೆ ಹೊರೆದು ಬದುಕುವಂತಿರಬೇಕು. ಹೆಚ್ಚಿನವರು ಕೊಂಬು, ಕೋರೆಹಲ್ಲಿನಿಂದ ಶುರು ಮಾಡುತ್ತಾರೆ. ನಾನು ನೀರಿನಿಂದ ಶುರು ಮಾಡುತ್ತೇನೆ.

ಆ ನೀರು ನಮ್ಮ ಪಕ್ಕದ ಅರಬ್ಬಿ ಸಮುದ್ರದ್ದು. ಮುಂಗಾರಿನ ಗಾಳಿಗೆ ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ, ಪೋಷಕಾಂಶಗಳನ್ನೂ ಹೊತ್ತು ತರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಯಥೇಚ್ಛವಾಗಿ ಬೆಳೆಯುತ್ತವೆ. ಅವು ಸತ್ತು ಕೆಳಗಿಳಿಯುವಾಗ ಬ್ಯಾಕ್ಟೀರಿಯಾಗಳು ಅವನ್ನು ಕೊಳೆಸುತ್ತಾ ನೀರಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಅದಕ್ಕೇ ಈ ಸಮುದ್ರದಲ್ಲಿ ಸುಮಾರು 200 ಮೀಟರ್ ಆಳದಿಂದ 1000 ಮೀಟರ್‌ವರೆಗೆ ಉಸಿರಿಗೇ ಬರವಿರುವ ಪದರವೊಂದಿದೆ. ಜಗತ್ತಿನ ಇಂಥ ಪದರಗಳಲ್ಲಿ ಇದು ತುಂಬಾ ದಪ್ಪನೆಯದು. ಅಲ್ಲೂ ಜೀವವಿದೆ. ಲ್ಯಾಂಟರ್ನ್ ಮೀನು ಅಂತ ಬೆರಳುದ್ದದ ಮೀನುಗಳು ಹಗಲೆಲ್ಲ ಅಲ್ಲಿ ಅಡಗಿದ್ದು, ರಾತ್ರಿ ಮೇಯಲು ಮೇಲೆ ಬರುತ್ತವೆ. ನಮ್ಮ ಡ್ರ್ಯಾಗನ್ನಿಗೆ ಅವೇ ಊಟ. ಎಲ್ಲದರ ಮೂಲ ಮಳೆಗಾಲವೇ ಆದ್ದರಿಂದ ನಾನು ಇದನ್ನು ಮುಂಗಾರು ಮಕರ ಎಂದು ಕರೆಯುತ್ತೇನೆ.

ಮೊದಲು ಮೈ ಬರೆಯೋಣ. ಮೂರು ಮೀಟರ್ ಉದ್ದ, ಚಪ್ಪಟೆ, ರಿಬ್ಬನ್ನಿನಂತೆ. ಈ ಆಕಾರ ಓರ್ ಮೀನಿನದ್ದು. 8 ಮೀಟರ್‌ವರೆಗೂ ಬೆಳೆಯುವ ಆ ಮೀನು ಎಷ್ಟೋ ಸಲ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಬೆನ್ನಿನ ಉದ್ದಕ್ಕೂ ಇರುವ ಈಜುರೆಕ್ಕೆಯನ್ನು ಅಲೆ ಅಲೆಯಾಗಿ ಆಡಿಸಿಯೇ ಮೇಲೆ ಕೆಳಗೆ ಹೋಗುತ್ತದೆ. ಮಕರವೂ ಹೀಗೇ ನಿಂತು ಕಾಯಲಿ. ಆಮ್ಲಜನಕ ಕಡಿಮೆ ಇರುವ ಕಡೆ ಬೇಟೆಯ ಹಿಂದೆ ಓಡಿದರೆ ಓಡಿದ್ದೇ ಬಂತು. ಸ್ನಾಯು ಮೆತ್ತಗೆ, ನೀರು ನೀರು. ಮೂಳೆ ಹಗುರ. ಡ್ರ್ಯಾಗನ್ ಅಂದರೆ ಕಟ್ಟುಮಸ್ತಾಗಿರಬೇಕು ಎಂದು ಮಕ್ಕಳು ಹಟ ಹಿಡಿಯಬಹುದು. ಬಿಡಿಸಿ ಹೇಳಿ, ಅಷ್ಟು ಮಾಂಸಕ್ಕೆ ಅಲ್ಲಿ ಅನ್ನವಿಲ್ಲ.

ಹಾಗಾದರೆ ಡ್ರ್ಯಾಗನ್ನಿನ ರೆಕ್ಕೆ ಎಲ್ಲಿ? ನಾನು ರೆಕ್ಕೆಯ ಜಾಗದಲ್ಲಿ ಕಿವಿರು ಇಡುತ್ತೇನೆ. ಫ್ರಿಲ್ಡ್ ಶಾರ್ಕ್ ಎಂಬ ಆಳದ ಶಾರ್ಕಿಗೆ ಕಿವಿರುಗಳ ಅಂಚಿನಲ್ಲಿ ನೆರಿಗೆ ನೆರಿಗೆ ಚರ್ಮವಿರುತ್ತದೆ. ಆ ನೆರಿಗೆಯನ್ನು ಇನ್ನೂ ಅಗಲವಾಗಿ ಎಳೆಯಿರಿ. ಸುಮ್ನೆ ನಿಂತಾಗ ಎರಡೂ ಪಕ್ಕಕ್ಕೆ ಬಿಚ್ಚಿಕೊಳ್ಳಲಿ, ಅಪಾಯ ಬಂದಾಗ ಮೈಗೆ ಅಂಟಿಕೊಳ್ಳಲಿ. ಇದೇ ಪದರದಲ್ಲಿ ಬದುಕುವ ವ್ಯಾಂಪೈರ್ ಸ್ಕ್ವಿಡ್‌ಗೆ ತಾಮ್ರವಿರುವ ನೀಲಿ ರಕ್ತ. ಅದು ಇದ್ದಷ್ಟು ಆಮ್ಲಜನಕವನ್ನೇ ಹಿಡಿದುಕೊಳ್ಳುತ್ತದೆ. ಆ ರಕ್ತವನ್ನು ಮಕರಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಮಕರ ಮೀನಿನ ವಂಶದ್ದು, ಅದರ ರಕ್ತ ಕೆಂಪಗೇ ಇರಬೇಕು.

ಇನ್ನು ಬಣ್ಣ. ಪೂರ್ತಿ ಕಪ್ಪು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಳದ 16 ಜಾತಿಯ ಮೀನುಗಳಲ್ಲಿ ಅತಿಗಪ್ಪು ಚರ್ಮ ಕಂಡಿತು. ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧ ಶೇಕಡಾದಷ್ಟೂ ಅದು ವಾಪಸ್ ಬಿಡುವುದಿಲ್ಲ. ಹೊಟ್ಟೆಯ ಒಳಗೋಡೆಗೂ ಕಪ್ಪು ಬಳಿಯಿರಿ. ನುಂಗಿದ ಲ್ಯಾಂಟರ್ನ್ ಮೀನು ಒಳಗಿದ್ದುಕೊಂಡೇ ಮಿನುಗಿದರೆ ಮಕರದ ಗುಟ್ಟು ರಟ್ಟಾಗುತ್ತದೆ ಅಲ್ವಾ? ಆಳದ ಎಷ್ಟೋ ಮೀನುಗಳ ಹೊಟ್ಟೆ ನಿಜಕ್ಕೂ ಹೀಗೇ ಇದೆ. ಹಲ್ಲು ಮಾತ್ರ ಬಿಳಿ ಬೇಡ, ಪಾರದರ್ಶಕವಾಗಿರಲಿ. ಡ್ರ್ಯಾಗನ್ ಮೀನು ಅಂತಲೇ ಹೆಸರಿರುವ ನಿಜವಾದ ಮೀನುಗಳಲ್ಲಿ ಅಂಥ ಹಲ್ಲುಗಳಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಣ್ಣು. ಆಳದಲ್ಲಿ ಜಾಸ್ತಿ ಪ್ರಾಣಿಗಳು ನೀಲಿ ಬೆಳಕನ್ನು ಬೀರುತ್ತವೆ, ನೀಲಿಯನ್ನೇ ನೋಡುತ್ತವೆ. ಕೆಂಪು ಅವಕ್ಕೆ ಕತ್ತಲೆ. ಆದರೆ ಮ್ಯಾಲಕೋಸ್ಟಿಯಸ್ ಎಂಬ ಡ್ರ್ಯಾಗನ್ ಮೀನು ಕಣ್ಣಿನ ಕೆಳಗೆ ಕೆಂಪು ದೀಪವಿಟ್ಟುಕೊಂಡಿದೆ. ಅದಕ್ಕೆ ಬೇಟೆ ಕಾಣುತ್ತದೆ, ಬೇಟೆಗೆ ಬೆಳಕು ಕಾಣುವುದಿಲ್ಲ. ಆ ಕೆಂಪನ್ನು ನೋಡಲು ಅದರ ಕಣ್ಣಿನಲ್ಲಿರುವ ವಸ್ತು ಪತ್ರಹರಿತ್ತಿನಿಂದ, ಅಂದರೆ ಎಲೆಯ ಹಸಿರಿನಿಂದ ಬಂದದ್ದು! ಮೀನು ಪತ್ರಹರಿತ್ತನ್ನು ಮಾಡಲಾರದು, ಅದು ಊಟದ ಮೂಲಕವೇ ಬರಬೇಕು. ನಮ್ಮ ಮಕರದ ಲೆಕ್ಕದಲ್ಲಿ ನೋಡಿ: ಮುಂಗಾರು ಬೆಳೆಸಿದ ಪಾಚಿಯ ಹಸಿರು ಸೀಗಡಿಯಂಥ ಸಣ್ಣ ಜೀವಿಗಳಿಗೆ, ಅಲ್ಲಿಂದ ಲ್ಯಾಂಟರ್ನ್ ಮೀನಿಗೆ, ಅಲ್ಲಿಂದ ಮಕರದ ಕಣ್ಣಿಗೆ. ಬಿಸಿಲೇ ಕಾಣದ ಪ್ರಾಣಿಗೆ ಬಿಸಿಲಿನಿಂದ ದೃಷ್ಟಿ. ಇದನ್ನು ನಾನು ಕಲ್ಪಿಸಿಕೊಂಡು ಹೇಳಲು ಸಾಧ್ಯವೇ ಇರಲಿಲ್ಲ, ನಿಜ ಪ್ರಾಣಿಯನ್ನು ಓದಿದ್ದಕ್ಕೆ ಸಿಕ್ಕಿತು.

ಬೆಂಕಿ ಬೇಕೇ ಬೇಕು ಎನ್ನುವವರಿಗೆ ನೀಲಿ ಬೆಂಕಿ ಕೊಡೋಣ. ಆಳದ ಕೆಲವು ಸೀಗಡಿಗಳು ಶತ್ರು ಬಂದರೆ ಬಾಯಿಯಿಂದ ಹೊಳೆಯುವ ದ್ರವ ಉಗುಳಿ, ಆ ಬೆಳಕಿನ ಮೋಡದ ಮರೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಟ್ಯೂಬ್‌ಶೋಲ್ಡರ್ ಎಂಬ ಮೀನಿಗೆ ಹೆಗಲಿನ ಹತ್ತಿರ ಇಂಥದೇ ಕೊಳವೆಯಿದೆ. ಮಕರಕ್ಕೂ ಹೆಗಲಲ್ಲೇ ಇರಲಿ. ಬೇಟೆಗಲ್ಲ, ಪಾರಾಗಲು.

ಇಷ್ಟು ಹೊತ್ತು ಬರೆದದ್ದು ಹೆಣ್ಣು. ನಿಜವಾದ ಕಪ್ಪು ಡ್ರ್ಯಾಗನ್ ಮೀನುಗಳಲ್ಲಿ ಹೆಣ್ಣು ಒಂದಡಿಗಿಂತ ಉದ್ದ, ಗಂಡು ಎರಡಂಗುಲದಷ್ಟು. ಗಂಡಿಗೆ ಹಲ್ಲಿಲ್ಲ, ಊಟ ಅರಗಿಸುವ ಹೊಟ್ಟೆಯೂ ಇಲ್ಲ. ಮರಿಗಳ ಕಣ್ಣುಗಳಂತೂ ತಲೆಯಿಂದ ಹೊರಟ ಉದ್ದನೆಯ ಕಡ್ಡಿಗಳ ತುದಿಯಲ್ಲಿರುತ್ತವೆ, ದೊಡ್ಡದಾದಂತೆ ಒಳಕ್ಕೆ ಸರಿಯುತ್ತವೆ. ಮಕರದ ಸಂಸಾರವೂ ಹೀಗೇ ಇರಲಿ: ಒಂದಡಿಯ ಬೋಳುಬಾಯಿ ಗಂಡು, ಗಾಜಿನಂತೆ ಪಾರದರ್ಶಕವಾದ ಕಡ್ಡಿಗಣ್ಣಿನ ಮರಿ. ಮೂರನ್ನೂ ಒಂದೇ ಪ್ರಮಾಣದಲ್ಲಿ ಬರೆಯಿರಿ. ಹೆಣ್ಣು ಹಾಳೆಯಲ್ಲಿ ಹಿಡಿಸದಿದ್ದರೆ ಇನ್ನೊಂದು ಹಾಳೆ ಅಂಟಿಸಿಕೊಳ್ಳಿ. ನಮಸ್ಕಾರ.