ಮಿಷಿಗನ್ ಹಿತ್ತಲಲ್ಲೊಂದು ಡೆಕ್: ಮೊದಲು 42 ಇಂಚು ಕೆಳಗೆ

ನಮಸ್ಕಾರ ಎಲ್ಲರಿಗೂ. ಹಿತ್ತಲಲ್ಲಿ ಡೆಕ್, ಅಂದ್ರೆ ಮನೆಗೆ ಹೊಂದಿಕೊಂಡ ಮರದ ಜಗಲಿ, ಕಟ್ಟೋ ವಿಡಿಯೋ ಹಾಕಿ ಅಂತ ತುಂಬ ಜನ ಕೇಳಿದ್ರಿ. ಇವತ್ತು ಹಾಕ್ತಿದೀನಿ. ಚಂದದ ಹಲಗೆ, ದೀಪ, ಕುರ್ಚಿ ಇವೆಲ್ಲ ಕೊನೇಲಿ ಸ್ವಲ್ಪ ಹೊತ್ತು ಬರುತ್ತೆ ಅಷ್ಟೇ. ಹೆಚ್ಚು ಹೊತ್ತು ನಾವು ಮಣ್ಣೊಳಗೆ, ಹಲಗೆಯ ಅಡಿಯಲ್ಲಿ ಇರ್ತೀವಿ. ಡೆಕ್ ನಿಲ್ಲುತ್ತೋ ಬೀಳುತ್ತೋ ಅನ್ನೋದು ತೀರ್ಮಾನ ಆಗೋದು ಅಲ್ಲೇ.

ನಾವಿರೋದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಅಪ್ಪ, ಅಮ್ಮ ತೀರ್ಥಹಳ್ಳಿ ಕಡೆಯವರು, ಬೇಸಿಗೆ ಕಳೆಯೋಕೆ ಬಂದಿದ್ದಾರೆ. ಊರಲ್ಲಿ ಬೆಳಗಾದ್ರೆ ಜಗಲಿ, ಅಂಗಳ, ತೋಟ ಅಂತ ಓಡಾಡೋ ಜೀವಗಳು. ಇಲ್ಲಿ ಅಡುಗೆಮನೆಯ ಗಾಜಿನ ಬಾಗಿಲು ಸರಿಸಿದ್ರೆ ನೆಲ ಎರಡೂವರೆ ಅಡಿ ಕೆಳಗಿದೆ. ಅಮ್ಮನಿಗೆ ಮಂಡಿನೋವು. ಬಾಗಿಲ ಮಟ್ಟಕ್ಕೇ ಒಂದು ಡೆಕ್, ಇಳಿಯೋಕೆ ಸಲೀಸಾದ ಮೆಟ್ಟಿಲು, ಇಷ್ಟು ಬೇಕಿತ್ತು. ಅಳತೆ 12ಕ್ಕೆ 16 ಅಡಿ.

ಸಿಟಿಯ ಪರ್ಮಿಟ್ಟು, ಬಡಾವಣೆಯ ಸಂಘದ ಒಪ್ಪಿಗೆ, ಈ ಎರಡು ಕಾಗದ ಕೈಗೆ ಬರೋವರೆಗೆ ಒಂದು ಹಲಗೇನೂ ಕೊಳ್ಳಬೇಡಿ. ಆಮೇಲೆ, ನೆಲ ತೋಡೋ ಮುಂಚೆ, 811ಕ್ಕೆ ಫೋನ್ ಮಾಡಿ. ನೆಲದಡಿಯ ತಂತಿ, ಪೈಪು ಎಲ್ಲಿವೆ ಅಂತ ತೋರಿಸೋ ಸೇವೆ ಅದು. ಅಮೆರಿಕದಲ್ಲಿ ಎಲ್ಲಿದ್ರೂ ಇದೇ ನಂಬರ್, ದುಡ್ಡಿಲ್ಲ. ಅವರು ಬಂದು ನೆಲದ ಮೇಲೆ ಬಣ್ಣ ಹಾಕಿ ಹೋಗ್ತಾರೆ. ಕೆಂಪು ಅಂದ್ರೆ ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯೋ ನೀರು, ಕಿತ್ತಳೆ ಫೋನ್ ಮತ್ತು ಇಂಟರ್‌ನೆಟ್, ಹಸಿರು ಚರಂಡಿ. ಒಂದು ಮಾತು ನೆನಪಿಟ್ಟುಕೊಳ್ಳಿ: ನೀವೇ ಹಾಕಿಸಿಕೊಂಡ ಸ್ಪ್ರಿಂಕ್ಲರ್ ಪೈಪನ್ನ ಅವರು ಗುರುತು ಮಾಡಲ್ಲ, ಅದನ್ನ ನೀವೇ ಹುಡುಕಬೇಕು.

ಈಗ ಅಪ್ಪ ದಾರ ಕಟ್ತಿರೋದು ಕಾಣ್ತಿದೆಯಲ್ಲ? ಮೂಲೆ ಮಟ್ಟ ನೋಡ್ತಿದ್ದಾರೆ. ಮನೆ ಗೋಡೆ ಉದ್ದಕ್ಕೆ 9 ಅಡಿ, ಹೊರಗಡೆಗೆ 12 ಅಡಿ, ಓರೆಯಾಗಿ ಅಳೆದಾಗ ಸರಿಯಾಗಿ 15 ಬಂದ್ರೆ ಮೂಲೆ ನೇರ ಇದೆ ಅಂತ. ನಮ್ಮೂರ ಗಾರೆ ಕೆಲಸದವರ 3-4-5 ಲೆಕ್ಕಾನೇ ಇದು. ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಗುಂಡಿ ಮಾತ್ರ ಅವರಿಗೆ ಹೊಸದು. ಇಲ್ಲಿ ಪಾಯ 42 ಇಂಚು, ಅಂದ್ರೆ ಮೂರೂವರೆ ಅಡಿ ಆಳಕ್ಕೆ ಇಳೀಬೇಕು. “ಅಲ್ಲ ಪುಟ್ಟಿ, ಕೂರೋ ಜಗಲಿಗೆ ಇಷ್ಟು ಆಳನಾ? ನಮ್ಮನೆ ಗೋಡೆಗೇ ಇಷ್ಟು ತೋಡಿಲ್ಲ” ಅಂದ್ರು. ಅವರು ಕೇಳಿದ್ದು ನ್ಯಾಯವೇ. ಮಲೆನಾಡಲ್ಲಿ ಎಷ್ಟು ಮಳೆ ಹೊಯ್ದರೂ ನೆಲದೊಳಗೆ ನೀರು ಹೆಪ್ಪುಗಟ್ಟಲ್ಲ. ಇಲ್ಲಿ ಗಟ್ಟುತ್ತೆ. ಮಂಜುಗಡ್ಡೆ ಆಗುವಾಗ ನೀರು ಶೇಕಡ 9ರಷ್ಟು ಹಿಗ್ಗುತ್ತೆ. ಅಲ್ಲಿಗೇ ನಿಲ್ಲಲ್ಲ, ಕೆಳಗಿನ ಒದ್ದೆ ಮಣ್ಣಿಂದ ಇನ್ನಷ್ಟು ನೀರು ಎಳೆದುಕೊಂಡು ಆ ಗಡ್ಡೆ ಪದರಪದರವಾಗಿ ದಪ್ಪ ಆಗ್ತಾ ಹೋಗುತ್ತೆ. ಪಾಯದ ತಳ ಆ ಪದರಕ್ಕಿಂತ ಮೇಲಿದ್ರೆ ಕಾಂಕ್ರೀಟು, ಕಂಬ, ಡೆಕ್ ಎಲ್ಲವನ್ನೂ ಎತ್ತಿಬಿಡುತ್ತೆ. ಚಳಿ ಮುಗಿದು ಕರಗಿದಾಗ ಒಂದು ಕಂಬ ಇಳಿಯುತ್ತೆ, ಪಕ್ಕದ್ದು ಇಳಿಯಲ್ಲ. ನಮ್ಮ ಹಿತ್ತಲದ್ದು ಜೇಡಿಮಣ್ಣು ಬೇರೆ, ಹಿಡಿದ ನೀರು ಬಿಡೋದೇ ಇಲ್ಲ.

ಕಾಂಕ್ರೀಟ್ ಹಾಕೋ ಮುಂಚೆ ಸಿಟಿಯ ಇನ್ಸ್‌ಪೆಕ್ಟರ್ ಬಂದು ಪ್ರತಿ ಗುಂಡಿಗೂ ಟೇಪ್ ಇಳಿಬಿಟ್ಟು ಅಳೀತಾರೆ. ಇದನ್ನ ಕಿರಿಕಿರಿ ಅನ್ನೋರು ಇದ್ದಾರೆ. ನನಗೆ ಇದು ದೊಡ್ಡ ಉಪಕಾರ. ಮುಚ್ಚಿಹೋಗೋ ಕೆಲಸವನ್ನ ಇನ್ನೊಂದು ಕಣ್ಣು ನೋಡಬೇಕು.

ಕಂಬ ಕಾಂಕ್ರೀಟಿನೊಳಗೆ ಹೂತಿಲ್ಲ, ಗಮನಿಸಿ. ಮೇಲೆ ಒಂದು ಕಬ್ಬಿಣದ ಪಾದ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿದೀವಿ. ಮರದ ಬುಡ ನೀರಲ್ಲಿ ನಿಲ್ಲಬಾರದು. ಇದನ್ನ ನೋಡಿದ್ದೇ ಅಪ್ಪನ ಮುಖ ಅರಳಿತು. ನಮ್ಮ ಹಳೇ ಮನೆಗಳಲ್ಲಿ ಮರದ ಕಂಬದ ಕೆಳಗೆ ಕಲ್ಲು ಇಡ್ತಿದ್ದದ್ದು ಇದಕ್ಕೇ ತಾನೆ.

ಇನ್ನು ಮರ. ಇದು ಪೈನ್, ಮೆದು ಜಾತಿ. ಹೊನ್ನೆ, ಮತ್ತಿ ನೋಡಿದ ಕೈಗೆ ಇದು ಮರ ಅಂತಲೇ ಅನ್ನಿಸಲ್ಲ. ಇದನ್ನ ಉಳಿಸೋದು ಒತ್ತಡ ಹಾಕಿ ಒಳಗೆ ತುಂಬಿರೋ ತಾಮ್ರದ ಔಷಧಿ. ಮೊದಲು ಆರ್ಸೆನಿಕ್ ಇರೋ ಔಷಧಿ ಹಾಕ್ತಿದ್ರು, 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನ ನಿಲ್ಲಿಸಿದ್ರು. ಈಗಿನ ತಾಮ್ರ ಸಾಧಾರಣ ಮೊಳೆಯನ್ನ ಬೇಗ ತಿಂದುಹಾಕುತ್ತೆ. ಹಾಗಾಗಿ ದಪ್ಪಗೆ ಸತು ಲೇಪಿಸಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ಬೋಲ್ಟ್ ಮಾತ್ರ ಹಾಕಿ. ಕೊಯ್ದು ಉಳಿದ ತುಂಡುಗಳನ್ನ ಅಪ್ಪ ನೀಟಾಗಿ ಜೋಡಿಸಿಟ್ಟಿದ್ರು, ಬಚ್ಚಲ ಒಲೆಗೆ ಇಟ್ಟ ಹಾಗೆ. ಇದನ್ನ ಸುಡಲೇಬಾರದು, ಹೊಗೇನೂ ವಿಷ, ಬೂದೀನೂ ವಿಷ.

ಈಗ ಈ ವಿಡಿಯೋದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ. ಮನೆ ಗೋಡೆಗೆ ಅಡ್ಡಲಾಗಿ ಕೂತಿರೋ ಈ ಹಲಗೆ ಹೆಸರು ಲೆಡ್ಜರ್. ಜಂತಿಗಳ ಒಂದು ತುದಿ ಇದರ ಮೇಲೆ, ಇನ್ನೊಂದು ತುದಿ ಆಚೆಯ ತೊಲೆ ಮೇಲೆ. ಲೆಕ್ಕ ಹಾಕಿ. ಚದರ ಅಡಿಗೆ 40 ಪೌಂಡ್ ಭಾರ ತಡೀಬೇಕು ಅನ್ನೋದು ಇಲ್ಲಿನ ನಿಯಮ. ನಮ್ಮದು 192 ಚದರ ಅಡಿ, ಒಟ್ಟು 7,680 ಪೌಂಡ್, ಸುಮಾರು ಮೂರೂವರೆ ಟನ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದು ಹಲಗೆ ಹೊರಬೇಕು. ಇದನ್ನ ಬರೀ ಮೊಳೆ ಹೊಡೆದು ನಿಲ್ಲಿಸಿದ ಡೆಕ್‌ಗಳೇ ಗೋಡೆಯಿಂದ ಕಳಚಿಕೊಂಡು ಬೀಳೋದು. ಅರ್ಧ ಇಂಚು ದಪ್ಪದ ಲ್ಯಾಗ್ ಸ್ಕ್ರೂಗಳನ್ನ (ಸ್ಪ್ಯಾನರ್ ಹಾಕಿ ಮರಕ್ಕೆ ಬಿಗಿಯೋ ದಪ್ಪ ಸ್ಕ್ರೂ) ಒಂದು ಮೇಲೆ ಒಂದು ಕೆಳಗೆ ಹಾಕಿ, ಮನೆಯ ಒಳಗಿನ ಗಟ್ಟಿ ಮರಕ್ಕೇ ಬಿಗೀಬೇಕು. ಮೇಲಿಂದ ನೀರು ಒಳಗಿಳಿಯದ ಹಾಗೆ ತಗಡು ಹೊದಿಸಬೇಕು. 2003ರ ಜೂನ್ 29ರಂದು ಶಿಕಾಗೋದಲ್ಲಿ ಪಾರ್ಟಿ ನಡೀತಿದ್ದಾಗ ಮರದ ಪೋರ್ಚ್ ಕುಸಿದು 13 ಜನ ಸತ್ತರು. ಡೆಕ್ ಕಟ್ಟುವಾಗ ಮನೆಗೆ ಎಷ್ಟು ಜನ ಬರಬಹುದು ಅನ್ನೋದನ್ನೇ ಮೊದಲು ಲೆಕ್ಕಕ್ಕೆ ತಗೊಳ್ಳಿ. ನಮ್ಮ ಮನೆ ಸತ್ಯನಾರಾಯಣ ಪೂಜೆಗೆ ಎಷ್ಟು ಜನ ಸೇರ್ತಾರೆ ಅಂತ ನಿಮಗೆ ಗೊತ್ತಲ್ಲ.

ನಿಮ್ಮ ಹಿಂದಿನ ಗೋಡೆ ಇಟ್ಟಿಗೆದಾ? ಹಾಗಿದ್ರೆ ಇನ್ನೂ ಹುಷಾರು. ಊರಲ್ಲಿ ಇಟ್ಟಿಗೆ ಅಂದ್ರೆ ಮನೆಯ ಬಲ. ಇಲ್ಲಿ ಬಹಳಷ್ಟು ಮನೆಗಳಲ್ಲಿ ಅದು ಮರದ ಗೋಡೆಗೆ ಹೊರಗಿಂದ ಹೊದಿಸಿದ ಪದರ, ತನ್ನ ಭಾರ ಹೊರೋಕೆ ಮಾತ್ರ. ಅದಕ್ಕೆ ಲೆಡ್ಜರ್ ಬಿಗಿಯೋ ಹಾಗಿಲ್ಲ. ಗೋಡೆ ಪಕ್ಕದಲ್ಲೂ ಕಂಬ ನೆಟ್ಟು, ಡೆಕ್ ತನ್ನ ಕಾಲ ಮೇಲೆ ತಾನು ನಿಲ್ಲೋ ಹಾಗೆ ಕಟ್ಟಿಸಿ.

ಮೆಟ್ಟಿಲ ವಿಷಯಕ್ಕೆ ಬರ್ತೀನಿ. ನಿಯಮದ ಪ್ರಕಾರ ಮೆಟ್ಟಿಲ ಎತ್ತರ ಏಳೂವರೆ ಇಂಚು ಇದ್ರೂ ನಡೆಯುತ್ತೆ. ಆ ಲೆಕ್ಕಕ್ಕೆ ನಾಲ್ಕು ಹೆಜ್ಜೆಯಲ್ಲಿ ಇಳಿದು ಮುಗೀತಿತ್ತು. ನಾವು ಆರಾರು ಇಂಚಿನ ಐದು ಹೆಜ್ಜೆ ಮಾಡಿದ್ವಿ, ಕಾಲಿಡೋ ಜಾಗ 12 ಇಂಚು ಅಗಲ. ಅಮ್ಮ ಕೈಯಲ್ಲಿ ಲೋಟ ಹಿಡ್ಕೊಂಡೇ ಇಳೀತಾರೆ ಈಗ. ಡೆಕ್ 30 ಇಂಚಿಗಿಂತ ಎತ್ತರ ಇದ್ರೆ ಮಾತ್ರ ಸುತ್ತ ರೇಲಿಂಗ್ ಕಡ್ಡಾಯ. ನಮ್ಮದು ಸರಿಯಾಗಿ ಆ ಗೆರೆ ಮೇಲಿದೆ, ಆದ್ರೂ 36 ಇಂಚಿನದು ಹಾಕಿಸಿದೀವಿ. ಸಲಾಕೆಗಳ ನಡುವೆ ನಾಲ್ಕು ಇಂಚಿನ ಚೆಂಡು ತೂರಬಾರದು, ಮಕ್ಕಳ ತಲೆ ಸಿಕ್ಕಿಕೊಳ್ಳಬಾರದು ಅಂತ.

ಮೇಲಿನ ಹಲಗೆ ಕಾಂಪೋಸಿಟ್, ಅಂದ್ರೆ ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು, ತಿಳಿ ಬಣ್ಣದ್ದು. ಗಾಢ ಬಣ್ಣ ನೋಡೋಕೆ ಚಂದ ನಿಜ, ಆದ್ರೆ ಜುಲೈ ಬಿಸಿಲಲ್ಲಿ ಕಾಲು ಸುಡುತ್ತೆ. ನಮ್ಮಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡೋರು.

ಹಿಮ ಬಿದ್ದಾಗ ಪ್ಲಾಸ್ಟಿಕ್ ಸಲಿಕೆಯಲ್ಲಿ, ಹಲಗೆ ಹಾಸಿರೋ ಉದ್ದಕ್ಕೇ ತಳ್ಳಿ, ಅಡ್ಡಕ್ಕೆ ಬೇಡ. ಪ್ರತಿ ವಸಂತದಲ್ಲಿ ಟಾರ್ಚ್ ಹಿಡಿದು ಅಡಿಗೆ ಬಗ್ಗಿ ಲೆಡ್ಜರ್ ನೋಡಿ. ಸ್ಕ್ರೂ ತುಕ್ಕು ಹಿಡಿದಿದೆಯಾ, ಮರ ಕಪ್ಪಾಗಿದೆಯಾ, ಗೋಡೆಗೂ ಹಲಗೆಗೂ ನಡುವೆ ಸಂದು ಬಿಟ್ಟಿದೆಯಾ ಅಂತ. ಪಾಯದ ಆಳ ಊರಿಂದ ಊರಿಗೆ ಬೇರೆ. ಟೆಕ್ಸಾಸ್‌ನವರು, ಮಿನೆಸೋಟದವರು ನನ್ನ 42 ಇಂಚನ್ನ ಹಾಗೇ ತಗೋಬೇಡಿ. ನಿಮ್ಮ ಸಿಟಿಯ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ ಅಳತೇನ ಕಾಮೆಂಟಲ್ಲಿ ಬರೀರಿ, ನಿಮ್ಮ ಕಡೆಯ ಬೇರೆ ಕನ್ನಡದವರಿಗೂ ಉಪಯೋಗ ಆಗುತ್ತೆ.